ಕಾಳಾಮುಖರೂ ಧರ್ಮಲಕ್ಷಣವೂ

ಒಂದು ಮತವು ಸದ್ಧರ್ಮವೋ ಅಲ್ಲವೋ ಎಂಬುದನ್ನು ಪ್ರತಿಪಕ್ಷದವರ ಮಾತಿನಿಂದಲೇ ನಿರ್ಣಯಿಸುವುದು ಯುಕ್ತವಲ್ಲ. ಇದಕ್ಕೆ ಕಾಳಾಮುಖರೇ ನಿದರ್ಶನವು. ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಇವರನ್ನು ಕಪಾಲದಲ್ಲಿ ಉಣ್ಣುವವರೆಂದೂ ಶವಭಸ್ಮವನ್ನು ಲೇಪಿಸಿಕೊಳ್ಳುವವರೆಂದೂ ವರ್ಣಿಸಿ ನಿರಾಕರಿಸಿರುತ್ತಾರೆ. ಆದರೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠವು ಇವರದೇ ಆಗಿದ್ದಿತು. ಬಿಜ್ಜಳನ ಕಾಲದ 1162ರ ಶಾಸನವು, ಆ ಮಠದಲ್ಲಿ ನಾಲ್ಕು ವೇದಗಳೂ ಪಾಣಿನೀಯಾದಿ ವ್ಯಾಕರಣಗಳೂ ಬೌದ್ಧವೂ ಸೇರಿದ ಷಡ್ದರ್ಶನಗಳೂ ವ್ಯಾಖ್ಯಾನಿಸಲ್ಪಡುತ್ತಿದ್ದುವೆಂದೂ, ದೀನರಿಗೂ ಅಂಧಬಧಿರರಿಗೂ ಅನ್ನವು, ರೋಗಿಗಳಿಗೆ ಚಿಕಿತ್ಸೆಯು ದೊರೆಯುತ್ತಿದ್ದುವೆಂದೂ ಸಾರುತ್ತದೆ.

ದಾನಶಾಸನದಲ್ಲಿ ಪ್ರಶಂಸೆಯು ಸಹಜವೆನ್ನಬಹುದು. ವಾದಗ್ರಂಥದಲ್ಲಿ ನಿಂದೆಯೂ ಅಷ್ಟೇ ಸಹಜವು. ಕಾಪಾಲಿಕರ ಆಚಾರವು ಇವರ ಮೇಲೆ ಆರೋಪಿತವಾಗಿರಬಹುದೆಂದು 1972ರಲ್ಲಿ ಲೊರೆಂಜನ್ ಪಂಡಿತರು ಅಭಿಪ್ರಾಯಪಟ್ಟಿರುವರು. ಆ ಸಂಪ್ರದಾಯವು ಲುಪ್ತವಾಯಿತು. ಕಲ್ಲಿನ ಸಾಕ್ಷ್ಯವು ಉಳಿದಿದೆ. ಹಸಿದವನಿಗೆ ಅನ್ನವನ್ನೂ ಪರದರ್ಶನಕ್ಕೆ ಪೀಠವನ್ನೂ ಇತ್ತ ಮತವನ್ನು ಪಾಷಂಡವೆನ್ನುವ ಮೊದಲು ಮಠದ ಸದ್ಭಕ್ತರು ಆ ಕಲ್ಲನ್ನೊಮ್ಮೆ ನೆನೆಯತಕ್ಕದ್ದು.