ಪ್ರಾಣಿಗಳ ಚಿತ್ರಪುಸ್ತಕ ಮತ್ತು ಗ್ರಾಮೀಣ ಗ್ರಂಥಾಲಯ: ಮಧುಗಿರಿ ಶೈಕ್ಷಣಿಕ ಜಿಲ್ಲೆಯನ್ನು ಕುರಿತು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಶಾಲಾ ಶಿಕ್ಷಣದ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿ ಒಂದುಗೂಡಿವೆ. ಮಳೆ ಕಡಿಮೆಯಾದ ಈ ಬಯಲುಸೀಮೆಯಲ್ಲಿ ಪ್ರಾಣಿಪಕ್ಷಿಗಳಿಗೆ ಕೊರತೆಯಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಈ ನೆಲದ ಮಗು ಗ್ರಂಥಾಲಯದಲ್ಲಿ ತೆರೆಯುವ ಚಿತ್ರಪುಸ್ತಕಕ್ಕೆ ಪ್ರಾಣಿಗಳು ಎಲ್ಲಿಂದ ಬಂದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ಪ್ರಾಣಿಕಥೆಯ ಪರಂಪರೆ ಹಳೆಯದು. ದುರ್ಗಸಿಂಹನ ಪಂಚತಂತ್ರ 11ನೆಯ ಶತಮಾನದ ಕೃತಿ. ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಾವ್ಯವನ್ನು ಹಾಡುತ್ತ ಬಂದಿದ್ದಾರೆ. ದನಕರುಗಳಿಲ್ಲದೆ ಆ ಕಾವ್ಯವಿಲ್ಲ. ಇವೆಲ್ಲ ಕಿವಿಯಿಂದ ಕಿವಿಗೆ ಸಾಗಿದ ಅಥವಾ ಪ್ರೌಢರಿಗಾಗಿ ರಚಿತವಾದ ಸಾಹಿತ್ಯ. ಮಗುವಿಗಾಗಿ ಚಿತ್ರವನ್ನು ಮುಂದಿಡುವ ಕ್ರಮ ಬೇರೆಯದು. ಯುರೋಪಿನಲ್ಲಿ 1658ರಲ್ಲಿ ಪ್ರಕಟವಾದ ಕೊಮೇನಿಯಸನ ಸಚಿತ್ರ ಪಠ್ಯವು ಪ್ರಾಣಿಗಳ ಕೂಗಿನ ಮೂಲಕ ಅಕ್ಷರಗಳನ್ನು ಪರಿಚಯಿಸಿತು. ಕನ್ನಡದಲ್ಲಿ ಶಿವರಾಮ ಕಾರಂತರ 'ಬಾಲಪ್ರಪಂಚ' (1936) ಮಕ್ಕಳಿಗಾಗಿ ಲೋಕಜ್ಞಾನವನ್ನು ಸಚಿತ್ರವಾಗಿ ನೀಡಿದ ಮಹತ್ವದ ಪ್ರಯತ್ನ.

ಸ್ವಾತಂತ್ರ್ಯಾನಂತರ ಬಣ್ಣದ ಚಿತ್ರಪುಸ್ತಕದ ಸ್ವರೂಪವನ್ನು ನಿರ್ಧರಿಸಿದ್ದು ಮುದ್ರಣದ ವೆಚ್ಚ. ಬಹುವರ್ಣ ಮುದ್ರಣ ದುಬಾರಿಯಾದ್ದರಿಂದ ಒಂದೇ ಚಿತ್ರವನ್ನು ಹಲವು ಭಾಷೆಗಳಿಗೆ ಬಳಸಿಕೊಂಡು, ಪಠ್ಯವನ್ನು ಮಾತ್ರ ಬದಲಿಸುವುದು ಲಾಭಕರವಾಗಿತ್ತು. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆ ಇದಕ್ಕೆ ಉತ್ತಮ ನಿದರ್ಶನ. ಕಡಿಮೆ ಬೆಲೆಗೆ ಒಳ್ಳೆಯ ಪುಸ್ತಕ ಕನ್ನಡದ ಮಗುವಿಗೆ ದೊರೆತದ್ದು ಈ ವ್ಯವಸ್ಥೆಯಿಂದಲೇ. ಆದರೆ ಎಲ್ಲ ಪ್ರಾಂತಗಳಿಗೂ ಸಲ್ಲಬೇಕಾದ ಚಿತ್ರದಲ್ಲಿ ಆನೆ, ಹುಲಿ, ಸಿಂಹ, ನವಿಲುಗಳಿಗೆ ಸಹಜವಾಗಿಯೇ ಮೊದಲ ಎಡೆ. ಒಂದು ತಾಲ್ಲೂಕಿನ ಹುಲ್ಲುಗಾವಲಿಗೆ ಅಲ್ಲಿ ಅವಕಾಶ ಕಡಿಮೆ. ವರ್ಣಮಾಲೆಯಲ್ಲೂ ಇದೇ ಸ್ಥಿತಿ: 'ಒ' ಅಕ್ಷರದೊಡನೆ ಒಂಟೆಯನ್ನು ಕಲಿಯುವ ಮಗುವಿಗೆ ತನ್ನೂರಿನ ಕೃಷ್ಣಮೃಗ ಪುಸ್ತಕದಲ್ಲಿ ಅಪರೂಪ.

ಪುಸ್ತಕ ಹಳ್ಳಿಗೆ ತಲುಪಿದ ಮಾರ್ಗಗಳೂ ಗಮನಾರ್ಹ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ರಾಜ್ಯದಲ್ಲಿ ಗ್ರಂಥಾಲಯ ಸೇವೆಗೆ ಶಾಸನದ ಆಧಾರವನ್ನು ಒದಗಿಸಿತು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯು ಪ್ರಾಥಮಿಕ ಶಾಲೆಗಳಿಗೆ ಕಲಿಕೋಪಕರಣಗಳೊಡನೆ ಪುಸ್ತಕಗಳನ್ನೂ ನೀಡಿತು. ಪಾವಗಡದಲ್ಲಿ ಇದರ ಪ್ರಯೋಜನ ವಿಶಿಷ್ಟವಾದುದು. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಈ ತಾಲ್ಲೂಕಿನಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ಮನೆಯಲ್ಲಿ 'ಎಲುಗುಬಂಟಿ' ಎನ್ನುವ ಮಗು ಅದೇ ಪ್ರಾಣಿಯ ಚಿತ್ರದ ಕೆಳಗೆ 'ಕರಡಿ' ಎಂಬ ಪದವನ್ನು ಕಂಡಾಗ ಅರ್ಥಕ್ಕೆ ಅನುವಾದಕರು ಬೇಕಾಗುವುದಿಲ್ಲ. ಚಿತ್ರವೇ ಎರಡು ಭಾಷೆಗಳ ನಡುವಿನ ಸೇತುವೆ. ತಾನು ಬಲ್ಲ ಪ್ರಾಣಿ ಪುಟದಲ್ಲಿದ್ದರೆ ಮಾತ್ರ ಆ ಸೇತುವೆ ಗಟ್ಟಿಯಾಗಿರುತ್ತದೆ.

ಸಂಶೋಧಕರಿಗೆ ಇಲ್ಲೊಂದು ತೊಡಕಿದೆ. ಹೆಚ್ಚು ಓದಿಸಿಕೊಂಡ ಚಿತ್ರಪುಸ್ತಕವೇ ಬೇಗ ಹರಿದು, ಲೆಕ್ಕದಿಂದ ತೆಗೆದುಹಾಕಲ್ಪಡುತ್ತದೆ. ಯಾರೂ ಮುಟ್ಟದ ಗ್ರಂಥ ಕಪಾಟಿನಲ್ಲಿ ಉಳಿಯುತ್ತದೆ. ಆದ್ದರಿಂದ ಇಂದಿನ ಕಪಾಟನ್ನು ನೋಡಿ ಹಿಂದಿನ ಮಕ್ಕಳ ಓದನ್ನು ಊಹಿಸಲಾಗದು. ಶಾಲೆ ಮತ್ತು ಗ್ರಂಥಾಲಯಗಳ ಪರಿಗ್ರಹಣ ವಹಿಗಳೇ ಈ ಇತಿಹಾಸದ ಮುಖ್ಯ ಆಕರಗಳು. ಅವು ರದ್ದಿಗೆ ಹೋದರೆ ಒಂದು ತಲೆಮಾರಿನ ಬಾಲ್ಯದ ಓದು ದಾಖಲೆಯಿಲ್ಲದೆ ಅಳಿಯುತ್ತದೆ.

ಇತ್ತೀಚಿನ ಬೆಳವಣಿಗೆಗಳು ಆಶಾದಾಯಕವಾಗಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಮುಕ್ತ ಪರವಾನಗಿಯ ಚಿತ್ರಕಥೆಗಳನ್ನು ಅನುವಾದಿಸಲು, ಮರುರೂಪಿಸಲು ಅವಕಾಶ ಕಲ್ಪಿಸಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಹಿಂದೆ ಮುದ್ರಣ ವೆಚ್ಚ ಒಡ್ಡಿದ್ದ ತಡೆ ಈಗ ಸಡಿಲವಾಗಿದೆ. ಪರಿಗ್ರಹಣ ವಹಿಗಳನ್ನು ಸಂಗ್ರಹಿಸುವುದು, ಮೈದನಹಳ್ಳಿಯ ಕೃಷ್ಣಮೃಗ, ಕಗ್ಗಲಡುವಿನ ಕೊಕ್ಕರೆ, ಜುಂಜಪ್ಪನ ದನಕರುಗಳನ್ನು ಚಿತ್ರಪುಸ್ತಕಕ್ಕೆ ತರುವುದು ಆಗಬೇಕಾದ ಕೆಲಸ. ಪುಸ್ತಕದಲ್ಲಿ ಕಂಡ ಪ್ರಾಣಿಯನ್ನು ಊರಿನ ಹೊಲದಂಚಿನಲ್ಲಿಯೂ ಗುರುತಿಸಬಲ್ಲ ಮಗು, ಅದರ ಉಳಿವಿಗೂ ಬಾಧ್ಯಸ್ಥನಾಗಿ ಬೆಳೆಯಬಲ್ಲದು.