ನಮ್ಮ ರೂಜ್ ಹೊಳೆಯ ಕಥೆ

ಫಾರ್ಮಿಂಗ್ಟನ್ ಹಿಲ್ಸ್‌ನ ಹೆರಿಟೇಜ್ ಪಾರ್ಕಿಗೆ ಪಿಕ್ನಿಕ್ ಹೋದ ಸದಸ್ಯ ಬಂಧುಗಳು ಮರಗಳ ನಡುವೆ ಒಂದು ತೊರೆಯನ್ನು ನೋಡಿರಬಹುದು. ಮಕ್ಕಳು ಅದಕ್ಕೆ ಕಲ್ಲೆಸೆಯುತ್ತಾರೆ, ನಾವು ಚಿತ್ರಾನ್ನದ ಡಬ್ಬಿ ಬಿಚ್ಚುತ್ತೇವೆ. ಅದು ರೂಜ್ ನದಿಯ ಒಂದು ಕವಲು.

ಫ್ರೆಂಚ್ ಭಾಷೆಯಲ್ಲಿ ರೂಜ್ ಎಂದರೆ ಕೆಂಪು. 1969ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ಬದಿಯಲ್ಲಿ ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಗೆ ಬೆಂಕಿ ಹತ್ತಿ ನದಿ ನಿಜವಾಗಿಯೇ ಕೆಂಪಾಯಿತು. ಅದೇ ವರ್ಷ ಜೂನಿನಲ್ಲಿ ಹೊತ್ತಿ ಉರಿದ ಕ್ಲೀವ್‌ಲ್ಯಾಂಡಿನ ಕಯಾಹೋಗಾ ನದಿಗೆ ಬಂದ ಹೆಸರು ಪಾಪ, ಇದಕ್ಕೆ ಬರಲಿಲ್ಲ! 1972ರಲ್ಲಿ ಶುದ್ಧ ಜಲದ ಕಾನೂನು ಬಂದಿತು. ಆದರೂ ಹಳೆಯ ಬಡಾವಣೆಗಳಲ್ಲಿ ಮಳೆನೀರಿಗೂ ಕಕ್ಕಸಿನ ನೀರಿಗೂ ಒಂದೇ ಕೊಳವೆ; ಮಳೆ ಜೋರಾದರೆ ಅದು ತುಂಬಿ ಎಲ್ಲವೂ ಹೊಳೆಗೇ. 1985ರಲ್ಲಿ ನದಿಗೆ ಬಿದ್ದ ಯುವಕನೊಬ್ಬ ಇಲಿ ಜ್ವರದಿಂದ ಸತ್ತ.

ಮರುವರ್ಷ, 1986ರಲ್ಲಿ, ‘ಫ್ರೆಂಡ್ಸ್ ಆಫ್ ದ ರೂಜ್’ ಎಂಬ ಸಂಘ ಹುಟ್ಟಿತು. ಜನ ನೀರಿಗಿಳಿದು ಕಸ ಎಳೆದು ಹಾಕಿದರು. 1992ರ ನಂತರ ಕೇಂದ್ರ ಸರ್ಕಾರದ ಹಣದಿಂದ, ಮಳೆ ನಿಲ್ಲುವವರೆಗೆ ಹೊಲಸು ನೀರನ್ನು ಹಿಡಿದಿಡುವ ದೊಡ್ಡ ತೊಟ್ಟಿಗಳನ್ನೂ ಕಟ್ಟಿದರು.

ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸುವುದು ಆ ಸಂಘದ ಕಪ್ಪೆ ಲೆಕ್ಕ. ನಗಬೇಡಿ. 1998ರಿಂದ ಸಾಮಾನ್ಯ ಜನ ಕಪ್ಪೆಗಳ ಕೂಗನ್ನು ಪಾಠ ಮಾಡಿಸಿಕೊಂಡು, ವಸಂತದ ಸಂಜೆಗಳಲ್ಲಿ ತಮ್ಮ ಪಾಲಿನ ಜೌಗಿನ ಅಂಚಿಗೆ ಹೋಗಿ, ಯಾವ ಜಾತಿ ಎಲ್ಲಿ ಕೂಗಿತೆಂದು ಬರೆದಿಟ್ಟಿದ್ದಾರೆ. ಚಳಿಗಾಲದಲ್ಲಿ ಕೆಲವರು ಹಿಮ ತುಳಿದು ಹೋಗಿ ಸ್ಟೋನ್‌ಫ್ಲೈ ಎಂಬ ಕೀಟವನ್ನು ಹುಡುಕುತ್ತಾರೆ. ನೀರು ಕೆಟ್ಟಲ್ಲಿ ಅದು ಬದುಕುವುದಿಲ್ಲ. ಎಲ್ಲಿ ಏನಿದೆ ಎಂಬ ಲೆಕ್ಕವಿಲ್ಲದಿದ್ದರೆ ಜೌಗು ನೆಲ ಬುಲ್‌ಡೋಜರಿನ ಕಣ್ಣಿಗೆ ಬರಿಯ ಖಾಲಿ ಸೈಟು. ನಮ್ಮಲ್ಲಿ ಎಷ್ಟು ಜನರ ಮನೆಗಳು ಅಂಥ ಸೈಟಿನ ಮೇಲೆ ನಿಂತಿವೆಯೋ!

ನಮ್ಮೂರಿನಲ್ಲೇ ಪೆಬಲ್ ಕ್ರೀಕ್ ಎಂಬ ತೊರೆಗೆ ಡ್ಯಾನ್ವರ್ಸ್ ಪಾಂಡ್ ಹತ್ತಿರ ಒಂದು ಅಣೆಕಟ್ಟು ಅಡ್ಡವಾಗಿತ್ತು. 2012ರಲ್ಲಿ ಅದನ್ನು ಒಡೆದು ತೊರೆಯನ್ನು ಹರಿಯಲು ಬಿಟ್ಟರು. ಮೀನು ಮತ್ತೆ ಮೇಲಕ್ಕೆ ಹೋಗಲು ದಾರಿಯಾಯಿತು.

ಬೆಂಗಳೂರಿನವರಾದ ನಾವು ರೂಜ್ ನದಿಯನ್ನು ಬೈಯುವಾಗ ಸ್ವಲ್ಪ ನಾಚಬೇಕು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಕೈಮುಗಿಯುತ್ತಿದ್ದ ವೃಷಭಾವತಿಯನ್ನು ನಾವು ಮೂಗು ಮುಚ್ಚಿಕೊಂಡು ದಾಟಿ ಬಂದವರು. ‘ಮೋರಿ’ ಎಂದೇ ಕರೆದೆವು. ಅದರ ದಡದಲ್ಲಿ ಯಾವ ಕಪ್ಪೆ ಕೂಗುತ್ತಿತ್ತೆಂದು ನಾವಾರೂ ಬರೆದಿಡಲಿಲ್ಲ.

ಇಲ್ಲಿ ಕಪ್ಪೆ ಲೆಕ್ಕ ಮಾರ್ಚಿ ತಿಂಗಳಲ್ಲಿ ಶುರುವಾಗುತ್ತದೆ. ಬೇಕಾದದ್ದು ಕಿವಿ, ಪೆನ್ಸಿಲ್, ದಪ್ಪ ಕಾಲುಚೀಲ.