ಎರಡು ದಡ, ಎರಡು 1357

ಒಂದು ಚೀಟಿಯಲ್ಲಿ 3/4 ಅಂತ ಬರೆದಿದೆ. ಯಾವ ದಿನ? ಬ್ರಿಟಿಷರಿಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇಬ್ಬರದೂ ಇಂಗ್ಲಿಷೇ! ಅಮೆರಿಕದವರು ತಿಂಗಳು ಮೊದಲು ಹೇಳ್ತಾರೆ, ಹೇಳಿದ ಹಾಗೇ ಬರೀತಾರೆ. ಇನ್ನು ನಾವು? ಬಾಯಲ್ಲಿ ‘ಆಗಸ್ಟ್ ಹದಿನೈದು’ ಅಂತೀವಿ, ಕೈಯಲ್ಲಿ 15/8 ಬರೀತೀವಿ. ಮಾತು ಅಮೆರಿಕದ್ದು, ಬರಹ ಬ್ರಿಟಿಷರದ್ದು. ಎಂಜಿನಿಯರಿಂಗ್ ಓದಿದ ಚಟ, ಲೆಕ್ಕ ಹಾಕಿ ನೋಡಿದೆ: ಹೀಗೆ ಎರಡರ್ಥ ಕೊಡುವ ತಾರೀಖು ವರ್ಷಕ್ಕೆ 132.

ದಿನ, ತಿಂಗಳು ಅದಲುಬದಲಾದ್ರೇ ಇಷ್ಟು ಫಜೀತಿ. ವರ್ಷವೇ ಬೇರೆಯಾದ್ರೆ? ಅದನ್ನು ನೋಡೋಕೆ ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿಗೆ ಬರಬೇಕು. ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿದೆ. ಮುಂದೆ ತುಂಗಭದ್ರೆ. ಸ್ವಾತಂತ್ರ್ಯಕ್ಕೆ ಮುಂಚೆ ಹೊಳೆಯ ಈಚೆ ದಡ ನಿಜಾಮರ ಹೈದರಾಬಾದ್ ಸಂಸ್ಥಾನ. ಆಚೆ ದಡದ ಮಂತ್ರಾಲಯ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು.

ಎರಡೂ ಕಡೆ ಕಂದಾಯದ ಲೆಕ್ಕ ಫಸಲಿ ವರ್ಷದಲ್ಲಿ. ಫಸಲು ಕೈಗೆ ಬರೋ ಕಾಲ ನೋಡಿ ವಸೂಲಿ ಮಾಡೋಕೆ ಅಕ್ಬರನ ಕಾಲದಲ್ಲಿ ಶುರುವಾದ ಪದ್ಧತಿ ಇದು. ಹೆಸರು ಒಂದೇ, ಆದರೆ ವರ್ಷ ಹುಟ್ಟುವ ದಿನ ಬೇರೆ. ಮದ್ರಾಸ್ ಕಡೆ ಜುಲೈ 1ಕ್ಕೆ ಹೊಸ ಫಸಲಿ. ನಿಜಾಮರ ಕಡೆ ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್ ಎಂಬ ತಿಂಗಳಿಂದ. ಅಂದ್ರೆ ಪ್ರತಿ ವರ್ಷ ಮೂರು ತಿಂಗಳು, ಹೊಳೆ ದಾಟಿದವನ ಕಾಗದದಲ್ಲಿ ವರ್ಷದ ಅಂಕಿಯೇ ಒಂದು ಮೇಲೆ!

ಈಗ ಎರಡು ತಾರೀಖು ಪಕ್ಕಪಕ್ಕ ಇಡಿ. 1947ರ ಆಗಸ್ಟ್ 15, ಆಚೆ ದಡಕ್ಕೆ ಸ್ವಾತಂತ್ರ್ಯ ಬಂತು. ಅಲ್ಲಿನ ಕಂದಾಯ ಲೆಕ್ಕದಲ್ಲಿ ಅದು ಫಸಲಿ 1357. ಈಚೆ ದಡ ಇನ್ನೂ ನಿಜಾಮರ ಕೈಯಲ್ಲಿ, ಫಸಲಿ 1356. ರಾಯಚೂರು ಸೀಮೆಯವರು ಮತ್ತೆ ಹದಿಮೂರು ತಿಂಗಳು ಕಾಯಬೇಕಾಯ್ತು. ರಜಾಕಾರರ ಹಾವಳಿ, ಪೊಲೀಸ್ ಕಾರ್ಯಾಚರಣೆ ಎಲ್ಲಾ ಆಗಿ, 1948ರ ಸೆಪ್ಟೆಂಬರ್ 17ರಂದು ನಿಜಾಮರು ಸೋಲೊಪ್ಪಿದರು. ಅವತ್ತು ಇಲ್ಲಿನ ಫಸಲಿ ಎಷ್ಟು? 1357!

ಎರಡು ಕಡತವನ್ನಷ್ಟೇ ನೋಡಿದವನಿಗೆ ಎರಡೂ ದಡ ಒಂದೇ ವರ್ಷ ಬಿಡುಗಡೆಯಾದ ಹಾಗೆ ಕಾಣುತ್ತೆ. ನಡುವಿನ ಆ ಹದಿಮೂರು ತಿಂಗಳು ಅಂಕಿಯೊಳಗೆ ಮುಚ್ಚಿಹೋಗುತ್ತೆ.

ಇದು ಬರೀ ಒಗಟು ಅಲ್ಲ ಸ್ವಾಮಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತೆ ಅಂತ ಹೇಳಿಕೊಡ್ತಾರಲ್ಲ, ಅದು ವರ್ಷ ಶುರುವಾದ ಇಸವಿ ಮಾತ್ರ. ನಿಜಾಮರ ಫಸಲಿಯ ಒಂಬತ್ತು ತಿಂಗಳು ಮುಂದಿನ ಇಸವಿಯಲ್ಲಿರುತ್ತೆ, ಅಲ್ಲಿ 591 ಕೂಡಿಸಬೇಕು. ಅಜ್ಜನ ಜಮೀನಿನ ಕಾಗದದಲ್ಲಿ ‘1357 ಫಸಲಿ’ ಅಂತಷ್ಟೇ ಇದ್ದರೆ, ಮೊದಲು ಕೇಳಬೇಕಾದ್ದು ಯಾವ ದಡದ ಕಾಗದ ಅಂತ, ಆಮೇಲೆ ತಿಂಗಳು ಯಾವುದು ಅಂತ.

ಹೈದರಾಬಾದ್ ಸಂಸ್ಥಾನದ ಜಾಗೀರುಗಳನ್ನು ರದ್ದು ಮಾಡಿದ ಕಾನೂನು ಜಾರಿಯಾದದ್ದು 1949ರ ಆಗಸ್ಟ್ 15ಕ್ಕೆ. ಅದರ ಹೆಸರಿನಲ್ಲೇ 1358 ಫಸಲಿ ಅಂತಿದೆ. ಅವತ್ತು ಹೊಳೆಯಾಚೆ 1359 ಹುಟ್ಟಿ ಒಂದೂವರೆ ತಿಂಗಳಾಗಿತ್ತು.